ಡೀಸೆಲ್ ಪಂಪಿನ ವಿಷಯವಾಗಿ ಬರೆದ ಅರ್ಜಿ

ಉಮ್ಮತ್ತೂರು
೨೪ ಜೂನ್ ೨೦೨೪

ಚಿ. ಸೌ. ಶಿವಲಕ್ಷ್ಮಿಗೆ ನಿನ್ನ ತಂದೆಯ ಆಶೀರ್ವಾದಗಳು.

ವಿಷಯ: ಅಳಿಯಂದಿರಾದ ಶಿವಸ್ವಾಮಿಯವರ ಪಿಕಪ್ ವಾಹನದ ಡೀಸೆಲ್ ಪಂಪು ಪದೇ ಪದೇ ಕೈಕೊಡುತ್ತಿರುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಿನಗೆ ತಿಳಿಯಪಡಿಸುವುದೇನೆಂದರೆ, ಕಳೆದ ವಾರ ಅಳಿಯಂದಿರು ಹಂಗಳದಿಂದ ಖುದ್ದಾಗಿ ಬಂದು ತಮ್ಮ ಸಂಕಷ್ಟವನ್ನು ನನ್ನಲ್ಲಿ ನಿವೇದಿಸಿಕೊಂಡರು. ನನ್ನ ಕಿವಿಗಳು ಈಗ ಫೋನಿನ ಕೆಲಸಕ್ಕೂ ಬಾರದಷ್ಟು ಮಂದವಾಗಿರುವುದರಿಂದ, ಅವರಾಡಿದ ಒಂದೊಂದು ಮಾತನ್ನೂ ನಿನ್ನ ತಾಯಿ ಮಲ್ಲಾಜಮ್ಮ ನನ್ನ ಬಲಗಿವಿಗೆ ಬಾಯಿಟ್ಟು ಕೂಗಿದಳು. ಬೀದಿಯವರೆಲ್ಲರಿಗೂ ಪಂಪಿನ ವೃತ್ತಾಂತ ತಿಳಿದಂತಾಯಿತು.

ಸಂಗತಿಯನ್ನು ನಾನು ಹೀಗೆ ಕ್ರಮಪಡಿಸಿದ್ದೇನೆ. ಗುಂಡ್ಲುಪೇಟೆಯಿಂದ ಚೆಂಡುಹೂವಿನ ಲೋಡು ಹೊತ್ತು ಸುಲ್ತಾನ್ ಬತ್ತೇರಿಗೆ ಹೊರಡುವ ವಾಹನವು, ಎಂಜಿನ್ ಕಾದ ಮೇಲೆ, ಏರುದಾರಿಯಲ್ಲಿ ಉಸಿರುಗಟ್ಟಿದಂತಾಗಿ ನಿಲ್ಲುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ಇದ್ದರೂ ಪಂಪು ಅದನ್ನು ಎಂಜಿನ್ನಿಗೆ ದೂಡುವುದಿಲ್ಲ. ಗಾಡಿ ನಿಲ್ಲಿಸಲೇ ಕೂಡದಂಥ ಕಾಡಿನ ರಸ್ತೆಯಲ್ಲಿ ಅಳಿಯಂದಿರು ಬಾನೆಟ್ಟು ಎತ್ತಿಕೊಂಡು, ಅದು ತಣಿಯುವವರೆಗೆ ಎರಡೂ ಬದಿಯ ಪೊದೆಗಳನ್ನು ನೋಡುತ್ತ ನಿಲ್ಲಬೇಕು. ಕಂಪನಿಯ ಗ್ಯಾರಂಟಿ ಇನ್ನೂ ಮುಗಿದಿಲ್ಲ. ಆದಾಗ್ಯೂ ಸರ್ವಿಸ್ ಸೆಂಟರಿನವರು, ಕ್ಯಾನುಗಳಲ್ಲಿ ಕದ್ದು ಮಾರುವ ಕಲಬೆರಕೆ ಡೀಸೆಲ್ ಹಾಕಿಸಿದ್ದರಿಂದಲೇ ಪಂಪು ಸವೆದಿದೆ ಎಂಬ ಶಂಕೆಯನ್ನು ಮುಂದೊಡ್ಡಿ ಹೊಸ ಪಂಪು ಕೊಡಲು ಹಿಂಜರಿಯುತ್ತಿದ್ದಾರೆ.

ಈ ಶಂಕೆಯೇ ಅಳಿಯಂದಿರಿಗೆ ಹೆಚ್ಚು ನೋವು ಕೊಟ್ಟಂತಿದೆ. “ಮಾವ, ಕ್ಯಾನ್ ಡೀಸ್ಲು ನಾನು ಮುಟ್ದೋನಲ್ಲ. ಬಂಕ್ ಬುಟ್ಟು ಬ್ಯಾರೆ ಕಡೆ ಆಕ್ಸಿಲ್ಲ. ಅದೊಂದ ಗಟ್ಟಿಯಾಗಿ ಬರೀರಿ, ಮಿಕ್ಕಿದ್ದು ನಿಮ್ಮಿಷ್ಟ” ಎಂದರು. ಕಂಪನಿಗೆ ಅರ್ಜಿಯನ್ನು ಗಟ್ಟಿಯಾಗಿಯೇ ಬರೆದಿದ್ದೇನೆ. ಅಂತ್ಯದಲ್ಲಿ ವಾಡಿಕೆಯ ವಿನಯದ ಸಾಲುಗಳನ್ನೂ ಸೇರಿಸಿದ್ದೇನೆ. ಅವಿಲ್ಲದ ಅರ್ಜಿ ನನ್ನ ಕೈಯಿಂದ ಎಂದೂ ಹೊರಬಿದ್ದಿಲ್ಲ. ಓದಿ ಸಹಿ ಮಾಡಿರೆಂದು ಕೊಟ್ಟರೆ, “ನೀವು ಬರುದ್ಮೇಲೆ ನಾನು ಓದೋದೇನದೆ ಮಾವ” ಎಂದು ಹಾಗೆಯೇ ಸಹಿ ಹಾಕಿದರು. ಮಾನ್ಯ ಮಾಡದೆ ಬೇರೆ ದಾರಿಯಿಲ್ಲದಂಥ ಅರ್ಜಿಯದು. ಧೈರ್ಯವಾಗಿರತಕ್ಕದ್ದು.

ಇಂತಿ ನಿನ್ನ ತಂದೆ,
ಚಿಕ್ಕಬಸವಯ್ಯ, ಅರ್ಜಿ ಬರಹಗಾರರು


ಹಂಗಳ
೨೯ ಜುಲೈ ೨೦೨೪

ಅಪ್ಪನಿಗೆ ಶಿವಲಕ್ಷ್ಮಿಯ ನಮಸ್ಕಾರ.

ಕಂಪನಿಯಿಂದ ಉತ್ತರ ಬಂತು. ಅದನ್ನು ಮನೆಗೆ ಕಳಿಸಲಿಲ್ಲ, ಸರ್ವಿಸ್ ಸೆಂಟರಿಗೆ ಕಳಿಸಿದ್ದರು. ಇವರು ಹೋದಾಗ ಕೌಂಟರಿನ ಹುಡುಗಿ ಅದನ್ನು ಗಟ್ಟಿಯಾಗಿ ಓದಿದಳಂತೆ. ಸರ್ವಿಸಿಗೆ ಗಾಡಿ ಬಿಡಲು ಬಂದಿದ್ದ ಗುಂಡ್ಲುಪೇಟೆ ಪಿಕಪ್ ಸ್ಟ್ಯಾಂಡಿನ ಡ್ರೈವರುಗಳೆಲ್ಲ ಅಲ್ಲೇ ಇದ್ದರು.

ನೀವು ಕೊನೆಯಲ್ಲಿ ಬರೆದಿದ್ದಿರಿ: “ಅರ್ಜಿದಾರನಾದ ನನ್ನಿಂದ ಅರಿತೋ ಅರಿಯದೆಯೋ ಸಂಭವಿಸಿರಬಹುದಾದ ಲೋಪದೋಷಗಳನ್ನು ಮನ್ನಿಸಿ, ಹೊಸ ಪಂಪನ್ನು ದಯಪಾಲಿಸಬೇಕಾಗಿ ಪ್ರಾರ್ಥನೆ.” ಅವರು ಅದನ್ನೇ ಹಿಡಿದುಕೊಂಡಿದ್ದಾರೆ. ಮಾಲೀಕರು ತಮ್ಮಿಂದ ಲೋಪವಾಗಿರುವುದನ್ನು ಲಿಖಿತವಾಗಿ ಒಪ್ಪಿಕೊಂಡಿದ್ದಾರೆ, ಕ್ಷಮೆಯನ್ನೂ ಕೋರಿದ್ದಾರೆ, ಆದ ಕಾರಣ ಕಲಬೆರಕೆ ಇಂಧನದ ಬಗ್ಗೆ ಇನ್ನು ತನಿಖೆಯ ಅಗತ್ಯವಿಲ್ಲ, ಗ್ಯಾರಂಟಿ ಅನ್ವಯಿಸುವುದಿಲ್ಲ ಎಂದು ಬರೆದಿದ್ದಾರೆ.

ಇವರು “ನಾನು ಅಂಗೆ ಬರ್ಸೇ ಇಲ್ಲ” ಎಂದರಂತೆ. ಹುಡುಗಿ ಜೊತೆಗಿದ್ದ ಅರ್ಜಿಯ ಪ್ರತಿ ತಿರುಗಿಸಿ ಇವರ ಸಹಿ ತೋರಿಸಿದಳಂತೆ.

ಸ್ಟ್ಯಾಂಡಿನ ರಾಜಶೇಖರ್ ಇಲ್ಲವೇ, ನಮ್ಮ ಮದುವೆಯಲ್ಲಿ ಬಡಿಸಲು ನಿಂತಿದ್ದವನು, ಅವನೇ ಶುರು ಮಾಡಿದ್ದು. “ಏನ್ಲಾ ಸ್ವಾಮಿ, ನಮ್ಮ ಮುಂದೆ ಬಂಕು, ಮರೇಲಿ ಕ್ಯಾನಾ? ಸೀಮೆಣ್ಣೆ ಗೀಮೆಣ್ಣೆನೂ ಬುಟ್ಯೇನ್ಲಾ?” ಎಂದನಂತೆ. ಎಲ್ಲ ನಕ್ಕರು. ಈಗ ಸ್ಟ್ಯಾಂಡಿನಲ್ಲಿ ಇವರ ಹೆಸರು ಸೀಮೆಣ್ಣೆ ಸ್ವಾಮಿ. ತಮಾಷೆಗೆ ಅನ್ನುತ್ತಾರೆ, ನನಗೆ ಗೊತ್ತು. ಆದರೆ ಲೋಡು ಕೊಡುವ ವ್ಯಾಪಾರಿಗಳಿಗೆ ಅದು ತಮಾಷೆ ಎಂದು ಯಾರು ಹೇಳಬೇಕು?

ಇವರು ಮನೆಗೆ ಬಂದವರು ಕೈಕಾಲು ತೊಳೆದು, ಮುದ್ದೆ ಮುರಿದು, ಹಾಗೆಯೇ ತಟ್ಟೆ ಸರಿಸಿ ಎದ್ದರು.

ನಿಮ್ಮ ಮಗಳು,
ಶಿವಲಕ್ಷ್ಮಿ


ಉಮ್ಮತ್ತೂರು
೬ ಆಗಸ್ಟ್ ೨೦೨೪

ಚಿ. ಸೌ. ಶಿವಲಕ್ಷ್ಮಿಗೆ ಆಶೀರ್ವಾದಗಳು.

ವಿಷಯ: ನಿನ್ನ ಪತ್ರದಲ್ಲಿ ವ್ಯಕ್ತವಾಗಿರುವ ಆಕ್ಷೇಪಣೆಗೆ ಸಮಜಾಯಿಷಿ.

ಕಂಪನಿಯವರ ಉತ್ತರವು ನನ್ನನ್ನು ಆಶ್ಚರ್ಯಗೊಳಿಸಿದೆಯೇ ಹೊರತು ವಿಚಲಿತಗೊಳಿಸಿಲ್ಲ. ಸದರಿ ಸಾಲು ನನ್ನ ಸ್ವಂತದ್ದಲ್ಲ. ಚಾಮರಾಜನಗರದಲ್ಲಿ ವಕೀಲರ ಜಗಲಿಯ ಮೇಲೆ ಕುಳಿತು ಪರರ ಅರ್ಜಿಗಳನ್ನು ಪ್ರತಿ ಮಾಡುತ್ತಿದ್ದ ದಿನಗಳಲ್ಲಿ ನನ್ನ ಕೈಗೆ ಹತ್ತಿದ್ದು. ಬಲ್ಲವರು ಬರೆದದ್ದನ್ನು ಅಕ್ಷರ ಬಿಡದಂತೆ ಬರೆದೂ ಬರೆದೂ ನಾನು ಬರೆಯುವವನಾದೆ. ಅಂದಿನಿಂದ ತಾಲ್ಲೂಕು ಕಚೇರಿಯ ಮುಂದಿನ ಈ ಬೆಂಚಿನವರೆಗೆ ಆ ಸಾಲು ಯಾರಿಗೂ ಕೇಡು ಮಾಡಿದ್ದಿಲ್ಲ. ಸಂತೆಮರಹಳ್ಳಿಯ ಕರಿಯಮ್ಮನ ಪಿಂಚಣಿ ಅದೇ ಸಾಲಿನಿಂದ ಮಂಜೂರಾಯಿತು. ಯಾವ ಲೋಪ, ಯಾರ ಲೋಪ ಎಂದು ಕೇಳಿದ ಅಧಿಕಾರಿ ಇದುವರೆಗೆ ಹುಟ್ಟಿರಲಿಲ್ಲ. ದೊಡ್ಡವರ ಮನೆಗೆ ಹೋದಾಗ ಬಾಗಿಲಲ್ಲಿ ಚಪ್ಪಲಿ ಬಿಡುತ್ತೇವೆ. ಚಪ್ಪಲಿ ಬಿಟ್ಟವನನ್ನು, ನೀನು ಕಾಲಿನಲ್ಲಿ ಹೊಲಸು ತಂದೆ ಎಂದು ಒಪ್ಪಿಕೊಂಡೆಯಲ್ಲ ಎಂದು ಯಾರಾದರೂ ಹಿಡಿಯುತ್ತಾರೆಯೇ?

ಓದಲು ಬಾರದವರು ಓದಿದರೆ ಬರೆದವನು ಹೊಣೆಯಲ್ಲ. ಅಳಿಯಂದಿರು ಗಂಡಸಾಗಿ ಡ್ರೈವರುಗಳ ನಗೆಗೆ ಕುಗ್ಗಬಾರದೆಂದು ತಿಳಿಸುವುದು.

ಇಂತಿ ನಿನ್ನ ತಂದೆ,
ಚಿಕ್ಕಬಸವಯ್ಯ


ಹಂಗಳ
೧೧ ಸೆಪ್ಟೆಂಬರ್ ೨೦೨೪

ಅಪ್ಪನಿಗೆ ನಮಸ್ಕಾರ.

ಓಣಂ ಲೋಡು ಹಾಳಾಯಿತು. ಕಾಡಂಚಿನ ಮದ್ದೂರು ಚೆಕ್‌ಪೋಸ್ಟ್ ದಾಟಿ ಸ್ವಲ್ಪ ದೂರಕ್ಕೇ ಗಾಡಿ ನಿಂತಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಹೆಬ್ಬೆರಳು ಊದಿಕೊಳ್ಳುವಷ್ಟು, ಎಂಜಿನ್ನಿಗೆ ಡೀಸೆಲ್ ಎಳೆಯುವ ಕೈಪಂಪು ಒತ್ತಿದ್ದಾರೆ. ಎರಡು ಮೈಲಿ ಓಡುವುದು, ನಿಲ್ಲುವುದು. ಮೂಟೆಯಲ್ಲಿ ಬಿಗಿದ ಚೆಂಡುಹೂವು ಒಳಗೊಳಗೇ ಕಾವೇರುತ್ತದೆ ಅಪ್ಪ, ಕೈ ಹಾಕಿದರೆ ಜ್ವರ ಬಂದ ಮಗುವಿನ ಹೊಟ್ಟೆ ಮುಟ್ಟಿದ ಹಾಗೆ. ಬತ್ತೇರಿಯ ವ್ಯಾಪಾರಿ ಒಂದು ಮೂಟೆ ಬಿಚ್ಚಿಸಿ ಮೂಗು ಮುಚ್ಚಿಕೊಂಡು “ವೇಂಡ ಚೇಟ್ಟಾ”, ಬೇಡ ಅಣ್ಣಾ, ಎಂದನಂತೆ. ಇವರು ಅಷ್ಟನ್ನೂ ಊರಾಚೆ ಸುರಿದು, ಖಾಲಿ ಗಾಡಿಯಲ್ಲಿ ನಿಂತು ನಿಂತು ಬಂದರು.

ಆದರೆ ನಾನು ಬರೆಯಲು ಕುಳಿತದ್ದು ಹೂವಿನ ಮಾತಿಗಲ್ಲ. ಇವರು ಈಗ ಡೀಸೆಲ್ ಹಾಕಿಸಿದಾಗಲೆಲ್ಲ ಒಂದು ಗಾಜಿನ ಬಾಟಲಿಗೆ ಅದನ್ನು ಹಿಡಿದು ಮನೆಗೆ ತರುತ್ತಾರೆ. ಬಂಕಿನ ಚೀಟಿಯನ್ನು ಬಾಟಲಿಗೆ ಸುತ್ತಿ ದಾರ ಕಟ್ಟಿ ಕಿಟಕಿಯಲ್ಲಿ ಸಾಲಾಗಿ ಇಡುತ್ತಾರೆ. ಬೆಳಗ್ಗೆ ಬಿಸಿಲು ಬಿದ್ದಾಗ ಒಂದೊಂದನ್ನೇ ಎತ್ತಿ, ತಳದಲ್ಲಿ ನೀರು ಕೂತಿದೆಯೇ ಎಂದು ನೋಡುತ್ತಾರೆ. ಬಂದವರಿಗೆಲ್ಲ ತೋರಿಸುತ್ತಾರೆ. ಮೊನ್ನೆ ಪಕ್ಕದ ಮನೆಯ ಭಾಗ್ಯ ಬಂದಿದ್ದಳು. “ನೋಡು ತಾಯಿ, ಇದ್ರಲ್ಲಿ ನೀರದಾ? ಸೀಮೆಣ್ಣೆ ವಾಸ್ನೆ ಬತ್ತದಾ?” ಎಂದು ಮೂಗಿನ ಹತ್ತಿರ ಹಿಡಿದರು. “ಅಣ್ಣ, ನಾನು ಎಪ್ಪಿಗೆ ಮಜ್ಗೆ ಕೇಳಕ್ ಬಂದೆ ಕಣಣ್ಣ, ಡೀಸ್ಲು ಮೂಸಕ್ಕಲ್ಲ” ಎಂದು ಅವಳು ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ. ಲೋಡು ಕರೆದರೂ ಈಗ ಹೋಗುತ್ತಿಲ್ಲ. ಅನ್ನಕ್ಕೆಲ್ಲ ಡೀಸೆಲ್ ವಾಸನೆ.

ಒಂದು ಕೇಳುತ್ತೇನೆ. ಆ ಸಾಲು ನಾನು ಬರೆದದ್ದು, ನನ್ನ ಅಳಿಯ ಹಾಗೆ ಹೇಳಿರಲಿಲ್ಲ ಎಂದು ನಿಮ್ಮ ಹೆಸರಿನಲ್ಲಿ ಕಂಪನಿಗೆ ಎರಡು ಸಾಲು ಬರೆದುಕೊಡಿ. ಪಂಪು ಕೊಡದಿದ್ದರೆ ಬೇಡ. ಇವರು ಅದನ್ನು ಹಿಡಿದುಕೊಂಡು ಸರ್ವಿಸ್ ಸೆಂಟರಿಗೆ ಹೋಗಿ ಬಂದರೆ ಸಾಕು.

ನಿಮ್ಮ ಮಗಳು,
ಶಿವಲಕ್ಷ್ಮಿ


ಉಮ್ಮತ್ತೂರು
೨೩ ಸೆಪ್ಟೆಂಬರ್ ೨೦೨೪

ಚಿ. ಸೌ. ಶಿವಲಕ್ಷ್ಮಿಗೆ ಆಶೀರ್ವಾದಗಳು.

ವಿಷಯ: ಮರು ಅರ್ಜಿಯ ಕರಡು ಲಗತ್ತಿಸಿರುವ ಬಗ್ಗೆ.

ನೀನು ಕೋರಿರುವ ರೀತಿಯ ಎರಡು ಸಾಲುಗಳನ್ನು ಬರೆಯಲು ಕುಳಿತು ವಾರವಾಯಿತು. ತಲೆಬರಹವಿಲ್ಲದೆ, ವಿನಯವಿಲ್ಲದೆ, ನಾನು ತಪ್ಪು ಬರೆದೆ ಎಂದು ಬರೆದುಕೊಡುವುದೆಂದರೆ, ಈ ಬೆಂಚಿನ ಮುಂದೆ ಇದುವರೆಗೆ ಕೈಕಟ್ಟಿ ನಿಂತವರಿಗೆಲ್ಲ ನಾನು ಏನು ಹೇಳಿದಂತಾಯಿತು ಎಂಬುದನ್ನು ನೀನು ಯೋಚಿಸಿಲ್ಲ. ಆದ್ದರಿಂದ ಅಳಿಯಂದಿರ ಹೆಸರಿನಲ್ಲಿಯೇ ಮರು ಅರ್ಜಿಯೊಂದನ್ನು ಸಿದ್ಧಪಡಿಸಿದ್ದೇನೆ. ಕ್ಯಾನ್ ಡೀಸೆಲ್ಲಿನ ಆರೋಪವನ್ನು ಇದರಲ್ಲಿ ನಾಲ್ಕು ಕಡೆ ನಿರಾಕರಿಸಿದ್ದೇನೆ. ಮುಕ್ತಾಯವನ್ನು ಇಲ್ಲಿ ಉದ್ಧರಿಸುತ್ತೇನೆ: “ಈ ಹಿಂದಿನ ಅರ್ಜಿಯ ಒಕ್ಕಣೆಯಲ್ಲಿ ಉಂಟಾಗಿರಬಹುದಾದ ನ್ಯೂನತೆಗಾಗಿ ಅರ್ಜಿದಾರನನ್ನು ಮನ್ನಿಸಿ, ಪ್ರಕರಣವನ್ನು ಪುನರ್‌ಪರಿಶೀಲಿಸಬೇಕಾಗಿ ವಿನಮ್ರ ಪ್ರಾರ್ಥನೆ.”

ನಿನ್ನ ತಾಯಿಗೆ ಓದಿ ಹೇಳಿದೆ. ಅವಳು ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು, “ಎರ್ಡ್ ಸಾಲು ಕೇಳುದ್ರೆ ಎರ್ಡ್ ಹಾಳೆ ಕೊಡ್ತೀರಿ. ಮಗ್ಳು ನಿಮ್ಮ ಮಾತ್ ಕೇಳ್ತಾವ್ಳೆ, ಕಚೇರಿ ಮಾತಲ್ಲ” ಎಂದು ನನ್ನ ಕಿವಿಯಲ್ಲಿ ಕೂಗಿದಳು. ಹೆಂಗಸರಿಗೆ ಬರಹದ ಶಿಸ್ತು ತಿಳಿಯದು.

ಅಳಿಯಂದಿರ ಸಹಿ ಮಾಡಿಸಿ ಕಳುಹಿಸತಕ್ಕದ್ದು.

ಇಂತಿ ನಿನ್ನ ತಂದೆ,
ಚಿಕ್ಕಬಸವಯ್ಯ


ಹಂಗಳ
೪ ನವೆಂಬರ್ ೨೦೨೪

ಅಪ್ಪನಿಗೆ.

ಈ ಸಲ ಇವರು ನಿಮ್ಮ ಅರ್ಜಿಯನ್ನು ಓದಿದರು. ಹೊಸ್ತಿಲ ಮೇಲೆ ಕುಳಿತು, ಬೆರಳು ಇಟ್ಟುಕೊಂಡು, ಕೊನೆಯವರೆಗೂ ಓದಿದರು. ಮುಗಿಸಿ ನನ್ನ ಕಡೆ ನೋಡಿ, “ಇದ್ರಲ್ಲೂ ಮನ್ನಿಸ್ಬೇಕಾದೋನು ನಾನೇಯಾ?” ಎಂದರು. ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದರು. ನಾನು ಸಹಿ ಹಾಕಿಸದೆ ಅರ್ಜಿಯನ್ನು ಮಡಿಸಿ ಎತ್ತಿಟ್ಟೆ.

ದೀಪಾವಳಿಗೆ ಮುಂಚೆಯೇ ಪಿಕಪ್ ಮಾರಿದರು. ತೆರಕಣಾಂಬಿಯ ಟೊಮೆಟೊ ವ್ಯಾಪಾರಿಯೊಬ್ಬರು ಕೊಂಡರು. ಅವರು ಬೇರೆ ಪಂಪು ಹಾಕಿಸಿದ್ದಾರೆ. ಗಾಡಿ ಈಗ ನಮ್ಮ ಮನೆಯ ಮುಂದೆಯೇ ಊಟಿ ಕಡೆಗೆ ಹೋಗುತ್ತದೆ. ಒಂದು ದಿನವೂ ನಿಂತಿಲ್ಲ. ಅದರ ಸದ್ದು ನನಗೆ ಗೊತ್ತಾಗುತ್ತದೆ, ಒಳಗಿದ್ದರೂ ಗೊತ್ತಾಗುತ್ತದೆ.

ಇವರು ಬತ್ತೇರಿಯಲ್ಲಿ ಕಲ್ಲುಪುಡಿ ಸಾಗಿಸುವ ಲಾರಿಗೆ ಸಂಬಳದ ಡ್ರೈವರಾಗಿ ಸೇರಿದ್ದಾರೆ. ಅಲ್ಲೇ ಉಳಿಯುತ್ತಾರೆ. ಗುಂಡ್ಲುಪೇಟೆಯಲ್ಲಿ ಕೆಲಸ ಸಿಗುತ್ತಿತ್ತು. “ಇಲ್ಲಾದ್ರೆ ಯಾವನೂ ನನ್ನ ಹೆಸ್ರು ಕರೆಯಕ್ಕಿಲ್ಲ. ಅಲ್ಲಿ ಬರೇ ಚೇಟ್ಟಾ ಅಂತಾರೆ, ಸಾಕು” ಎಂದರು. ಬ್ಯಾಗಿಗೆ ಎರಡು ಜೊತೆ ಬಟ್ಟೆ ಹಾಕಿಕೊಂಡರು. ನಾನು ನಿಮ್ಮ ಹೆಸರು ಎತ್ತಿದೆ. “ಮಾವನ್ ಮ್ಯಾಲೆ ನಂಗೇನ್ ಸಿಟ್ಟಿಲ್ಲ ಬುಡು” ಎಂದರು. ಸಿಟ್ಟಿದ್ದರೆ ಒಂದು ದಿನ ಇಳಿಯುತ್ತದೆ. ಅದಕ್ಕೇ ನನಗೆ ಭಯ.

ಶಿವಲಕ್ಷ್ಮಿ


ಉಮ್ಮತ್ತೂರು
೧೮ ನವೆಂಬರ್ ೨೦೨೪

ಶಿವಸ್ವಾಮಿಯವರಿಗೆ,

ನೀವು ಕ್ಯಾನ್ ಡೀಸೆಲ್ ಹಾಕಿಸಿಲ್ಲ. ಹಾಕಿಸಿರಬಹುದು ಎಂಬ ಅರ್ಥ ಬರುವಂತೆ ಬರೆದವನು ನಾನು. ನೀವು ಹಾಗೆ ಹೇಳಿರಲಿಲ್ಲ. ನಾನು ಬರೆದದ್ದೆಂದು ನಂಬಿ ಓದದೆ ಸಹಿ ಮಾಡಿದಿರಿ. ತಪ್ಪು ನನ್ನದು.

ಕಂಪನಿಗೂ ಇಷ್ಟನ್ನೇ ಬರೆದು ಕಳುಹಿಸಿದ್ದೇನೆ.

ಚಿಕ್ಕಬಸವಯ್ಯ


ಹಂಗಳ
೯ ಡಿಸೆಂಬರ್ ೨೦೨೪

ಅಪ್ಪನಿಗೆ ನಮಸ್ಕಾರ.

ಇವರು ಒಂದು ದಿನದ ಮಟ್ಟಿಗೆ ಬಂದಿದ್ದರು. ನಿಮ್ಮ ಕಾಗದವನ್ನು ನಾನೇ ಕೈಗೆ ಕೊಟ್ಟೆ. ಅದನ್ನು ಓದಲು ಹೆಚ್ಚು ಹೊತ್ತು ಬೇಕಿರಲಿಲ್ಲ, ಆದರೂ ಬಹಳ ಹೊತ್ತು ಹಿಡಿದುಕೊಂಡಿದ್ದರು.

“ಚೆನ್ನಾಗ್ ಬರ್ದವ್ರೆ” ಎಂದರು.

“ಅವರ ಮನಸ್ಸಿನಿಂದ ಬರೆದಿದ್ದಾರೆ” ಎಂದೆ.

“ಆ ಅರ್ಜಿನೂ ಚೆನ್ನಾಗೇ ಬರ್ದಿದ್ರು ಕಣಮ್ಮಿ. ಮಾವನ್ ಕೈ ಪೆನ್ನು ಇಡುದ್ರೆ ತಾನೇ ಬರ್ಕಂಡ್ ಓಯ್ತದೆ. ಯಾವ್ದು ಮನ್ಸಿಂದು, ಯಾವ್ದು ರೂಢಿದು ಅಂತ ನಂಗೆಂಗ್ ಗೊತ್ತಾಗ್ಬೇಕು?” ಎಂದರು. ಆಮೇಲೆ, “ಸ್ಟ್ಯಾಂಡಲ್ಲಿ ಯಾವನು ಕಾಗ್ದ ಓದ್ತನೆ” ಎಂದು ತಮಗೆ ತಾವೇ ಅಂದುಕೊಂಡರು. ಕಾಗದವನ್ನು ಬಿಸಾಡಲಿಲ್ಲ. ಮಡಿಸಿ ನನಗೇ ಕೊಟ್ಟು ಬಸ್ಸಿಗೆ ಹೋದರು.

ನಿಮ್ಮಿಂದ ಏನನ್ನೂ ಕೇಳಲು ಇದನ್ನು ಬರೆಯುತ್ತಿಲ್ಲ. ನೀವು ಉತ್ತರಕ್ಕೆ ಕಾಯುತ್ತಿರುತ್ತೀರಿ ಎಂದು ಬರೆದೆ. ಅಮ್ಮನ ಮಂಡಿನೋವು ಹೇಗಿದೆ?

ನಿಮ್ಮ ಮಗಳು,
ಶಿವಲಕ್ಷ್ಮಿ


ಉಮ್ಮತ್ತೂರು
೨೧ ಜನವರಿ ೨೦೨೫

ಮಗಳು ಶಿವಲಕ್ಷ್ಮಿಗೆ,

ಕಂಪನಿಯಿಂದ ಉತ್ತರ ಬಂದಿದೆ. ವಾಹನವು ಈಗ ಅನ್ಯರ ಹೆಸರಿನಲ್ಲಿರುವುದರಿಂದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆಯಂತೆ.

ನಿನ್ನೆ ನಾನು ಗುಂಡ್ಲುಪೇಟೆಗೆ ಹೋಗಿದ್ದೆ. ಹೇಳಬೇಕಾದದ್ದನ್ನು ಬಸ್ಸಿನಲ್ಲಿ ಕುಳಿತು ಮನಸ್ಸಿನಲ್ಲಿಯೇ ಸಿದ್ಧಪಡಿಸಿಕೊಂಡೆ. ಪೀಠಿಕೆ, ವಿವರ, ಮುಕ್ತಾಯ ಎಲ್ಲವೂ ಇತ್ತು. ಪಿಕಪ್ ಸ್ಟ್ಯಾಂಡಿನಲ್ಲಿ ನಾಲ್ಕೈದು ಗಾಡಿಗಳಿದ್ದವು. ಡ್ರೈವರುಗಳು ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಿದ್ದರು. ರಾಜಶೇಖರ್ ನನ್ನ ಗುರುತು ಹಿಡಿದು ಎದ್ದು ನಿಂತ. ಅವನ ಬಾಯಿ ಆಡಿದ್ದು ಕಂಡಿತು, ಕುಳಿತುಕೊಳ್ಳಿ ಎಂದಿರಬೇಕು. ನಾನು ಕುಳಿತುಕೊಳ್ಳಲಿಲ್ಲ.

ಮಾತು ತೆಗೆದಾಗ ಪೀಠಿಕೆ ಬರಲಿಲ್ಲ. ನನ್ನ ಬಾಯಿಂದ ಹೊರಟದ್ದನ್ನು ಇದ್ದಂತೆ ಬರೆಯುತ್ತೇನೆ. ತಿದ್ದಿಲ್ಲ.

“ನೋಡ್ರಪ್ಪ. ನಮ್ಮಳಿಯ ಕ್ಯಾನ್ ಡೀಸ್ಲು ಆಕ್ದೋನಲ್ಲ. ಅವ್ನು ಒಪ್ಕಂಡೂ ಇಲ್ಲ. ಅದ ಬರ್ದೋನು ನಾನು. ಅವ್ನು ಯೋಳ್ನೂ ಇಲ್ಲ, ಓದ್ನೂ ಇಲ್ಲ. ನೀವು ಇನ್ಮ್ಯಾಲೆ ಅಂಗನ್ಬೇಕು ಅನ್ಸುದ್ರೆ ನನ್ನನ್ನಿ. ಅವುನ್ನ ಅನ್ಬ್ಯಾಡಿ.”

ನನ್ನ ದನಿ ಎಷ್ಟು ದೊಡ್ಡದಿತ್ತೆಂದು ನನಗೆ ತಿಳಿಯದು. ಚಹಾದ ಅಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟು ನೋಡಿದ. ಬಸ್ಸಿಗೆ ಕಾಯುತ್ತಿದ್ದ ಹೆಂಗಸರೂ ತಿರುಗಿದರು. ಯಾರೂ ನಗಲಿಲ್ಲ. ರಾಜಶೇಖರ್ ತಲೆ ತಗ್ಗಿಸಿದ. ಆಮೇಲೆ ಅವರೆಲ್ಲ ಏನೇನೋ ಮಾತಾಡಿದರು, ನನ್ನ ತೋಳು ಹಿಡಿದರು. ನನಗೆ ಒಂದೂ ಕೇಳಿಸಲಿಲ್ಲ. ಕೇಳಿಸಿದವನಂತೆ ತಲೆಯಾಡಿಸಿ, ಚಾಮರಾಜನಗರದ ಬಸ್ಸು ಹತ್ತಿದೆ.

ಯಾರೆದುರು ಹೇಳಬೇಕಿತ್ತೋ ಆ ಅಳಿಯಂದಿರು ಅಲ್ಲಿ ಇರಲಿಲ್ಲ. ಅದು ನನಗೆ ಗೊತ್ತಿದ್ದೇ ಹೋಗಿದ್ದೆ.

ಅಪ್ಪ


ಹಂಗಳ
೨೭ ಜನವರಿ ೨೦೨೫

ಅಪ್ಪನಿಗೆ ನಮಸ್ಕಾರ.

ಗುಂಡ್ಲುಪೇಟೆಯವರೆಗೆ ಬಂದವರು ಹಂಗಳಕ್ಕೆ ಬರದೆ ಹೋದಿರಿ. ಸ್ಟ್ಯಾಂಡಿನಿಂದ ನಮ್ಮ ಊರಿಗೆ ಎಷ್ಟು ಬಸ್ಸುಗಳಿವೆ ಎಂದು ನಿಮಗೆ ಗೊತ್ತು. ಯಾಕೆ ಬರಲಿಲ್ಲ ಎಂದು ನಾನು ಕೇಳುವುದಿಲ್ಲ.

ನಿಮ್ಮ ಕಾಗದ ಬರುವ ಮುಂಚೆಯೇ ನನಗೆ ವಿಷಯ ತಿಳಿದಿತ್ತು. ರಾಜಶೇಖರ್ ಅದೇ ದಿನ ಬತ್ತೇರಿಗೆ ಫೋನು ಮಾಡಿ ಇವರಿಗೆ ಎಲ್ಲ ಹೇಳಿದ್ದಾನೆ. ನಿಮ್ಮ ಮಾತನ್ನು ನೀವು ಆಡಿದ ಹಾಗೆಯೇ ಆಡಿ ತೋರಿಸಿದನಂತೆ, ಅರ್ಧಕ್ಕೆ ಅವನಿಗೇ ಅಳು ಬಂದು ನಿಲ್ಲಿಸಿದನಂತೆ. ಸಂಜೆ ಇವರು ನನಗೆ ಫೋನು ಮಾಡಿದರು. ವಿಷಯ ಹೀಗೆಂದು ಹೇಳಿದರು. ಸರಿಯಾಯಿತು ಅನ್ನಲಿಲ್ಲ, ಆಗಲಿಲ್ಲ ಅನ್ನಲಿಲ್ಲ. ಹಿಂದೆ ಲಾರಿಗಳ ಹಾರನ್ ಕೇಳುತ್ತಿತ್ತು. ಫೋನು ಇಟ್ಟುಬಿಟ್ಟರೇನೋ ಎಂದುಕೊಂಡೆ. ಆಗ ಕೇಳಿದರು:

“ಮಾವ ಉಂಡ್ಕಂಡ್ ಊರ್ಗೋದ್ರಾ?”

ಎಷ್ಟೋ ತಿಂಗಳಾಗಿತ್ತು ಅವರ ಬಾಯಲ್ಲಿ ನಿಮ್ಮ ಬಗ್ಗೆ ಇಂಥ ಮಾತು ಕೇಳಿ. ನೀವು ಮನೆಗೇ ಬರಲಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಉಂಡರು ಎಂದೆ.

“ಏನ್ ಸಾರು?”

ಹುರುಳಿಕಾಳು ಬಸ್ಸಾರು ಎಂದೆ.

“ಮುದ್ದೆ ಎಲ್ಡ್ ಇಕ್ಕುದ್ಯಾ? ಅವ್ರು ಒಂದ್ಕೆ ಎದ್ಬುಡ್ತರೆ, ಬಲವಂತ ಮಾಡ್ಬೇಕು.”

ಎರಡು ಇಕ್ಕಿದೆ ಎಂದೆ.

“ಸರಿ” ಎಂದರು. ಊರಿಗೆ ಯಾವಾಗ ಬರುತ್ತೀರಿ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಯಾರೋ ಆ ಕಡೆಯಿಂದ “ಚೇಟ್ಟಾ” ಎಂದು ಕೂಗಿದರು, ಅವರು ಹೋದರು.

ನಿಮ್ಮ ಮಗಳು,
ಶಿವಲಕ್ಷ್ಮಿ